ಅರಮನೆಯ ಮರದಲ್ಲಿ ಎದ್ದ ಚರ್ಚು

ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವರು ಬಣ್ಣದ ಗಾಜಿನ ಕಿಟಕಿಗಳನ್ನೂ ಯೇಸುವಿನ ಕಡೆಯ ಭೋಜನದ ಚಿತ್ರವನ್ನೂ ನೋಡಿ ಹೊರಬರುತ್ತಾರೆ. ಕನ್ನಡಿಗರು ಮಾತ್ರ ಅಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ಚಾವಣಿ ಹೊತ್ತ ತೊಲೆಗಳು ಶ್ರೀರಂಗಪಟ್ಟಣದವು, ಟಿಪ್ಪು ಸುಲ್ತಾನನ ಅರಮನೆಯವು.

1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಮಡಿದ. ಪಟ್ಟ ಒಡೆಯರಿಗೆ ಮರಳಿತು, ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣದ ಅರಮನೆಗೆ ದಿಕ್ಕಿಲ್ಲದಾಯಿತು.

ನೀಲಗಿರಿಯ ನೆತ್ತಿಯಲ್ಲಿ ಆಗ ಇದ್ದದ್ದು ತೋಡರ ಮಂದುಗಳು, ಬಡಗರ ಹಟ್ಟಿಗಳು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ, 1822ರಲ್ಲಿ ಕಲ್ಲಿನ ಮನೆಗೆ ಕೈಹಾಕಿದ. ಬೆಟ್ಟದ ಜನ ಅದನ್ನು ಕಲ್ ಬಂಗಲೆ ಎಂದರು. ಬಯಲಿನ ಬಿಸಿಲಿಗೆ ಬಸವಳಿದ ಇಂಗ್ಲಿಷ್ ಅಧಿಕಾರಿಗಳು, ಸೈನಿಕರು ಅವನ ಹಿಂದೆಯೇ ಬಂದರು. ನಾಲ್ಕು ಮನೆ ಎದ್ದ ಮೇಲೆ ಪ್ರಾರ್ಥನೆಗೊಂದು ಜಾಗ ಬೇಕಾಯಿತು. ಮದ್ರಾಸಿನ ಗವರ್ನರ್ ಸ್ಟೀಫನ್ ಲಷಿಂಗ್ಟನ್ 1829ರ ಏಪ್ರಿಲ್ 23ರಂದು ಅಡಿಗಲ್ಲು ಇಟ್ಟ. ನಕ್ಷೆ ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್‌ನದು.

ಮರ ಬಂದ ದಾರಿ ಸುಮಾರು 120 ಕಿಲೋಮೀಟರ್. ಆನೆಗಳಿಂದ ಎಳೆಸಿದರು ಎನ್ನುತ್ತಾರೆ. ಬಯಲು ಮುಗಿದ ಮೇಲೆ ಕಾಡು, ಕಾಡಿನ ಮೇಲೆ ಘಟ್ಟದ ಏರು. ಇಂದು ಗುಂಡ್ಲುಪೇಟೆ, ಬಂಡೀಪುರ ದಾಟಿ ಕಾರಿನಲ್ಲಿ ಹೋಗುವಾಗಲೇ ಆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಅಡಿಗಲ್ಲಿಟ್ಟ ಗವರ್ನರನಷ್ಟೇ ಆ ಮಾವುತರೂ ಕೂಲಿಯಾಳುಗಳೂ ಈ ಚರ್ಚನ್ನು ಕಟ್ಟಿದವರು ಎಂದೇ ನನ್ನ ಎಣಿಕೆ.

ಗೋಡೆ ಎದ್ದರೆ ಸಾಲದು. ಆಂಗ್ಲಿಕನ್ ಪದ್ಧತಿಯಲ್ಲಿ ಬಿಷಪ್ ಬಂದು ಪ್ರತಿಷ್ಠೆ ಮಾಡಬೇಕು. ಇಡೀ ಭಾರತಕ್ಕೆ ಆಗ ಒಬ್ಬನೇ ಬಿಷಪ್, ಅವನ ಪೀಠ ಕಲ್ಕತ್ತೆಯಲ್ಲಿ. ಆ ಪೀಠವೋ ಒಬ್ಬೊಬ್ಬರನ್ನಾಗಿ ಬಲಿ ತೆಗೆದುಕೊಳ್ಳುತ್ತಿತ್ತು: ಮಿಡಲ್‌ಟನ್ 1822ರಲ್ಲಿ ತೀರಿಕೊಂಡ, ಹೀಬರ್ 1826ರಲ್ಲಿ ತಿರುಚಿನಾಪಳ್ಳಿಯಲ್ಲಿ, ಜೇಮ್ಸ್ 1828ರಲ್ಲಿ. ನಾಲ್ಕನೆಯವನು ಜಾನ್ ಮಥಾಯಸ್ ಟರ್ನರ್. 1830ರ ನವೆಂಬರ್ 5ರಂದು ಪ್ರತಿಷ್ಠೆ ನಡೆಸಿಕೊಟ್ಟವನು ಅವನೇ. ಮರುವರ್ಷ ಏಪ್ರಿಲ್ 3ರ ಈಸ್ಟರ್ ಭಾನುವಾರ ಬಾಗಿಲು ತೆರೆಯಿತು. ಅದೇ ಜುಲೈನಲ್ಲಿ ಟರ್ನರನೂ ಹೋದ. ಮದ್ರಾಸಿಗೆ ತನ್ನದೇ ಬಿಷಪ್ ಸಿಕ್ಕಿದ್ದು 1835ರಲ್ಲಿ.

ಹಿಂದಿನ ಇಳಿಜಾರಿನ ಸ್ಮಶಾನದಲ್ಲಿ ಸಲಿವನ್ನನ ಹೆಂಡತಿ ಹೆನ್ರಿಯೆಟ್ಟಾ, ಮಗಳು ಹ್ಯಾರಿಯೆಟ್ ಇದ್ದಾರೆ. ಊಟಿಯ ಸಸ್ಯೋದ್ಯಾನವನ್ನು ರೂಪಿಸಿದ ವಿಲಿಯಂ ಮ್ಯಾಕೈವರ್ ಕೂಡ ಇಲ್ಲೇ.

ಆಳುವವರಿಗಾಗಿ ಕಟ್ಟಿದ ಚರ್ಚು ಅವರೊಂದಿಗೆ ಮುಗಿಯಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣದ ಆಂಗ್ಲಿಕನ್ನರು, ಮೆಥಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಆದಾಗ ಇದೂ ಅದರೊಳಗೆ ಬಂತು. ಈಗ ಇಲ್ಲಿನ ಭಾನುವಾರದ ಆರಾಧನೆ ನಮ್ಮವರದೇ.

ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಶ್ರೀರಂಗಪಟ್ಟಣ, ಮೈಸೂರು ಮುಗಿಸಿ ಊಟಿಗೆ ಹೋಗುತ್ತವೆ, ಸರೋವರ, ಉದ್ಯಾನ ಸುತ್ತಿ ಇಳಿಯುತ್ತವೆ. ಮೇಷ್ಟ್ರುಗಳು ಮಕ್ಕಳನ್ನು ಅರ್ಧ ಗಂಟೆ ಈ ಚರ್ಚಿಗೂ ಕರೆತರಲಿ. ಶ್ರೀರಂಗಪಟ್ಟಣದಲ್ಲಿ ಕಾಣದ ಅರಮನೆಯ ಒಂದು ಪಾಲು ಇಲ್ಲಿದೆ.