ರೊಟ್ಟಿ ಹೆಂಚಿನ ಮೇಲೆ ಪಿಜ್ಜಾ

ಪಿಜ್ಜಾ ಎಂದೊಡನೆ ಮಕ್ಕಳ ಕಣ್ಣು ಹೋಗುವುದು ಚೀಸ್ ಮೇಲೆ. ಮಾಡುವವರ ತಲೆನೋವು ಇರುವುದು ಅದರ ಕೆಳಗೆ. ಹಿಟ್ಟು ಹದವಾಗಿ ಹುದುಗದೆ, ಸಾಸ್ ನೀರು ಬಿಟ್ಟರೆ ಮೇಲೆ ಎಷ್ಟು ಚೀಸ್ ಸುರಿದರೂ ಸಿಗುವುದು ಒದ್ದೆ ಬನ್ನು ಮಾತ್ರ.

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಜೋಳದ ರೊಟ್ಟಿಯ ಸೀಮೆ ಇದು. ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಜತೆಗೆ ಎಣ್ಣೆಯಿಂದ ಆಗತಾನೇ ತೆಗೆದ ಮೆಣಸಿನಕಾಯಿ. ಬಸ್ ನಿಲ್ದಾಣದ ಸುತ್ತಲಿನ ಬೇಕರಿಗಳಲ್ಲಿ ಪ್ಲಾಸ್ಟಿಕ್ ಚೀಲದ ಪಿಜ್ಜಾ ಬೇಸ್ ಸಿಗುತ್ತದೆ. ಅದರ ರುಚಿಯ ಬಗ್ಗೆ ಮಾತಾಡದಿರುವುದೇ ಮೇಲು. ಹೊಸಪೇಟೆಯಿಂದಲೋ ದಾವಣಗೆರೆಯಿಂದಲೋ ಕಟ್ಟಿಸಿಕೊಂಡು ತಂದದ್ದು ಊರು ಮುಟ್ಟುವಷ್ಟರಲ್ಲಿ ನಾರಾಗಿರುತ್ತದೆ. ಹಾಗಾಗಿ ಮನೆಯಲ್ಲಿ ಹಿಟ್ಟು ನಾದುವುದು ಇಲ್ಲಿ ಶೋಕಿಯ ಮಾತಲ್ಲ. ಒಳ್ಳೆಯ ಪಿಜ್ಜಾ ತಿನ್ನಬೇಕೆಂದರೆ ಅದೊಂದೇ ದಾರಿ.

ಈ ಸೀಮೆಯ ಅಡುಗೆಮನೆಗೆ ಬೆಂಕಿ ಗೊತ್ತು, ಹೆಂಚು ಗೊತ್ತು, ಖಾರ ಅರೆಯುವುದು ಗೊತ್ತು. ಹೊಸದಾಗಿ ಕಲಿಯಬೇಕಾದದ್ದು ಒಂದೇ: ಕಾಯುವುದು. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕು, ಕಲಸಿದ ಕೂಡಲೇ ಬಡಿಯಬೇಕು. ತಡ ಮಾಡಿದರೆ ಅಂಚು ಬಿರಿಯುತ್ತದೆ. ಕಾರಣ ಸರಳ. ಜೋಳದಲ್ಲಿ ಗ್ಲುಟೆನ್ ಇಲ್ಲ. ಬಿಸಿ ನೀರಿಗೆ ಅದರ ಪಿಷ್ಟ ಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವ ಜಿಗಿ ಬರುವುದು ಆ ಅಂಟಿನಿಂದ. ಗೋಧಿಯ ಕಥೆ ಇದಕ್ಕೆ ತಿರುಗಾಮುರುಗಾ. ಮೈದಾದೊಳಗಿನ ಎರಡು ಪ್ರೋಟೀನ್‌ಗಳು, ಗ್ಲುಟೆನಿನ್ ಮತ್ತು ಗ್ಲಯಾಡಿನ್, ತಣ್ಣೀರು ಕುಡಿದು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಈಸ್ಟ್ ಬಿಡುವ ಗಾಳಿ ಆ ಬಲೆಯಲ್ಲಿ ಸಿಕ್ಕಿಬಿದ್ದು ಹಿಟ್ಟು ಉಬ್ಬುತ್ತದೆ. ಇದಕ್ಕೆಲ್ಲ ಹೊತ್ತು ಬೇಕು. ರೊಟ್ಟಿಯಲ್ಲಿ ಪಳಗಿದ ಕೈ ಇಲ್ಲಿ ಎಡವುವುದು ಅವಸರದಿಂದ. ಕಲಸಿದ ಹಿಟ್ಟನ್ನು ಇಪ್ಪತ್ತು ನಿಮಿಷ ಸುಮ್ಮನೆ ಮುಚ್ಚಿಟ್ಟು ಆಮೇಲೆ ನಾದಿ ನೋಡಿ, ಅರ್ಧ ಶ್ರಮ ತಾನಾಗಿ ಕಡಿಮೆಯಾಗಿರುತ್ತದೆ.

ಜೋಳವನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಬರೀ ಜೋಳದ ಹಿಟ್ಟಿನ ಪಿಜ್ಜಾ ಎಂದು ಈಚೆಗೆ ಸಿರಿಧಾನ್ಯದ ಉತ್ಸಾಹದಲ್ಲಿ ಹೇಳುವವರಿದ್ದಾರೆ. ಅದು ರೊಟ್ಟಿಯ ಮೇಲೆ ಟೊಮೆಟೊ, ಅಷ್ಟೆ. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಉಬ್ಬುವುದಿಲ್ಲ. ಎರಡನ್ನೂ ಕೂಡಿಸುವ ದಾರಿ ಹೀಗೆ: 100 ಗ್ರಾಂ ಜೋಳದ ಹಿಟ್ಟಿಗೆ 150 ಮಿ.ಲೀ. ಕುದಿಯುವ ನೀರು ಹಾಕಿ ರೊಟ್ಟಿಗೆ ಮಾಡುವಂತೆಯೇ ತಿರುವಿ, ಪೂರ್ತಿ ಆರಲು ಬಿಡಿ. ಪೂರ್ತಿ ಎಂದರೆ ಪೂರ್ತಿ. 55–60 ಡಿಗ್ರಿ ಬಿಸಿಗೆ ಈಸ್ಟ್ ಸತ್ತುಹೋಗುತ್ತದೆ. ಆರಿದ ಮೇಲೆ 400 ಗ್ರಾಂ ಮೈದಾ, 10 ಗ್ರಾಂ ಉಪ್ಪು, ಒಣ ಈಸ್ಟ್, ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ ಸೇರಿಸಿ. ತಣ್ಣೀರು 180ರಿಂದ 200 ಮಿ.ಲೀ. ಸಾಕು, ಅದನ್ನೂ ಒಮ್ಮೆಲೇ ಸುರಿಯಬಾರದು. ಬೆಂದ ಜೋಳ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಬೇಸ್ ಮೆತ್ತಗೆ ಉಳಿಯುತ್ತದೆ, ಅಂಚಿಗೆ ರೊಟ್ಟಿಯ ಕಂಪು ಬರುತ್ತದೆ. ಜೋಳ ಇದಕ್ಕಿಂತ ಹೆಚ್ಚಾದರೆ ಮೈದಾದ ಬಲೆ ಹರಿಯುತ್ತದೆ.

ಈಸ್ಟ್ ಎಷ್ಟು? ತಿಂಗಳು ಯಾವುದು ಎಂದು ಮೊದಲು ಕೇಳಬೇಕು. ಪುಸ್ತಕದ ಅಳತೆಗಳೆಲ್ಲ ತಂಪು ದೇಶದ ಅಡುಗೆಮನೆಗೆ ಬರೆದವು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ಅಳತೆ ಹಾಕಿದರೆ ಹಿಟ್ಟು ಒಂದು ಗಂಟೆಯೊಳಗೆ ಪಾತ್ರೆ ದಾಟಿ, ಹುಳಿ ನಾತ ಹೊಡೆದು ಕುಸಿಯುತ್ತದೆ. ಬೇಸಿಗೆಯಲ್ಲಿ ಕಾಲು ಚಮಚ ಈಸ್ಟ್ ಹಾಕಿ, ಮಡಕೆಯ ತಣ್ಣೀರಲ್ಲಿ ಕಲಸಿ, ಒಂದು ಗಂಟೆ ಹೊರಗಿಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಚಳಿಯಲ್ಲಿ ನಿಧಾನಕ್ಕೆ ಹುದುಗಿದ ಹಿಟ್ಟಿಗೆ ರುಚಿಯೂ ಹೆಚ್ಚು. ಕರೆಂಟು ಕೈಕೊಟ್ಟರೆ ಹಿಟ್ಟಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿದರೂ ನಡೆಯುತ್ತದೆ. ಜನವರಿಯಲ್ಲಿ ಈ ಪಾಡಿಲ್ಲ. ಅರ್ಧ ಚಮಚ ಈಸ್ಟ್ ಹಾಕಿ ಬೆಳಿಗ್ಗೆ ನಾದಿಟ್ಟರೆ ಸಂಜೆಗೆ ಹದ. ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು ಎಂದು ಮನೆತುಂಬ ನೆಂಟರ ಮಕ್ಕಳು ಸೇರುವ ದಿನಗಳಲ್ಲೂ ಬೆಳಗಿನ ಹೊತ್ತು ಇನ್ನೂ ತಂಪಾಗಿರುತ್ತದೆ, ಅದೊಂದು ಅನುಕೂಲ.

ಇನ್ನು ಸಾಸ್. ಇಟಲಿಯ ನೇಪಲ್ಸ್‌ನಲ್ಲಿ ಟೊಮೆಟೊವನ್ನು ಬೇಯಿಸುವುದೇ ಇಲ್ಲ. ಹಿಚುಕಿ, ಉಪ್ಪು ಹಾಕಿ ಸವರುತ್ತಾರೆ. 1984ರಲ್ಲಿ ಅಲ್ಲಿ ಹುಟ್ಟಿದ ಪಿಜ್ಜಾ ಸಂಘ ಹಿಟ್ಟಿನಿಂದ ಒಲೆಯವರೆಗೆ ಎಲ್ಲಕ್ಕೂ ನಿಯಮ ಬರೆದಿಟ್ಟಿದೆ. 2017ರಲ್ಲಿ ಯುನೆಸ್ಕೊ ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಟೊಮೆಟೊ ಉದ್ದನೆಯದು, ತಿರುಳು ಹೆಚ್ಚು, ರಸ ಕಡಿಮೆ. ನಮ್ಮ ಸಂತೆಯ ಜವಾರಿ ಟೊಮೆಟೊ ಹುಳಿ, ನೀರು ನೀರು. ಹೈಬ್ರಿಡ್ ಗಟ್ಟಿ, ಆದರೆ ಸಪ್ಪೆ. ಎರಡನ್ನೂ ಸಮ ಬೆರೆಸುವುದು ಒಳ್ಳೆಯದು, ಬೇಯಿಸದೆ ವಿಧಿಯಿಲ್ಲ. ಒಂದು ಕಿಲೋ ಹಣ್ಣನ್ನು ಬಿಸಿ ನೀರಿಗೆ ಹಾಕಿ ಸಿಪ್ಪೆ ತೆಗೆಯಿರಿ. ಬೀಜದ ಸುತ್ತಲಿನ ಲೋಳೆಯನ್ನು ಚೆಲ್ಲಬೇಡಿ, ಬಾಯಲ್ಲಿ ನಿಲ್ಲುವ ರುಚಿಯ ಗ್ಲುಟಮೇಟ್ ತಿರುಳಿಗಿಂತ ಅಲ್ಲೇ ಹೆಚ್ಚು. ಎರಡು ಚಮಚ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಎಂಟು ಹತ್ತು ಎಸಳು ಬೆಳ್ಳುಳ್ಳಿ ಬಿಳುಪು ಕಳೆಯುವಷ್ಟು ಬಾಡಿಸಿ, ಕೆಂಪಾದರೆ ಕಹಿ. ಮೇಲೆ ಟೊಮೆಟೊ, ಉಪ್ಪು, ನೆನೆಸಿ ಅರೆದ ಎರಡು ಮೂರು ಬ್ಯಾಡಗಿ ಮೆಣಸಿನಕಾಯಿ. ಹಡಗಲಿಯಿಂದ ಹೊಳೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಆ ಕಾಯಿ ಬಣ್ಣಕ್ಕೆ ಧಾರಾಳಿ, ಖಾರಕ್ಕೆ ಜಿಪುಣ. ಸಾಸ್‌ಗೆ ಬೇಕಾದದ್ದು ಅದೇ. ಮುಕ್ಕಾಲು ಗಂಟೆ ಸಣ್ಣ ಉರಿ. ತಟ್ಟೆಗೆ ಒಂದು ಚಮಚ ಹಾಕಿದರೆ ಸುತ್ತ ನೀರು ಬಿಚ್ಚಬಾರದು. ಹುಳಿ ಜಾಸ್ತಿ ಎನಿಸಿದರೆ ಚಿಟಿಕೆ ಬೆಲ್ಲ.

ಬೇಸಿಲ್ ಎಲ್ಲಿಂದ ತರುವುದು ಎಂದು ಕೊರಗುವವರು ಹೂವಿನ ಅಂಗಡಿಗೆ ಹೋಗಲಿ. ಮಾಲೆಗೆ ಸೇರಿಸುವ ಕಾಮಕಸ್ತೂರಿಯೂ ಇಟಲಿಯ ಬೇಸಿಲ್ಲೂ ಒಂದೇ ಜಾತಿಯ ಗಿಡ. ತಳಿ ಬೇರೆಯಾದ್ದರಿಂದ ಕಂಪು ಸ್ವಲ್ಪ ಬೇರೆ. ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಪಡೆದ ಹಡಗಲಿ ಸೀಮೆಯಲ್ಲಿ ಹೂವಿನವರಿಗೇನು ಬರ? ದೇವರಿಗೆಂದು ಔಷಧಿ ಹೊಡೆಯದ, ಹಿತ್ತಲಲ್ಲೇ ಬೆಳೆದದ್ದಾದರೆ ಇನ್ನೂ ಒಳ್ಳೆಯದು. ಒರೆಗಾನೊ ಬದಲು ದೊಡ್ಡಪತ್ರೆ. ಎರಡರ ಘಾಟಿಗೂ ಕಾರಣ ಕಾರ್ವಕ್ರಾಲ್ ಎಂಬ ಒಂದೇ ತೈಲಾಂಶ. ಅರ್ಧ ಎಲೆ ಸಾಕು, ಹೆಚ್ಚಾದರೆ ಕಷಾಯ ಕುಡಿದಂತಾಗುತ್ತದೆ.

ಇದೆಲ್ಲ ಪರದೇಶಿ ಅಡುಗೆ ಎಂದು ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು. ಟೊಮೆಟೊ ಅಮೆರಿಕ ಖಂಡದ್ದು. 1492ಕ್ಕೆ ಮುಂಚೆ ನೇಪಲ್ಸ್‌ನವರೂ ಅದನ್ನು ಕಂಡಿರಲಿಲ್ಲ. ನಮ್ಮ ಕೆಂಪು ಚಟ್ನಿಯ ಮೆಣಸಿನಕಾಯಿ, ಕೂಡ್ಲಿಗಿಯ ಕೆಂಪು ಮಣ್ಣಿನ ಶೇಂಗಾ, ಹರಪನಹಳ್ಳಿಯ ಹೊಲ ತುಂಬಿದ ಮೆಕ್ಕೆಜೋಳ, ಎಲ್ಲವೂ ಬಂದದ್ದು ಅದೇ ಖಂಡದಿಂದ. ಆ ಮೆಕ್ಕೆಜೋಳಕ್ಕೂ ಇಲ್ಲಿ ಕೆಲಸವಿದೆ. ಅದರ ರವೆಯನ್ನು ಹಲಗೆಯ ಮೇಲೆ ಉದುರಿಸಿ ಹಿಟ್ಟು ಹರಡಿದರೆ ಅಂಟುವುದಿಲ್ಲ, ತಳ ಗರಿಯಾಗುತ್ತದೆ.

ನೇಪಲ್ಸ್‌ನ ಕಟ್ಟಿಗೆ ಒಲೆ 430 ಡಿಗ್ರಿ ದಾಟುತ್ತದೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಮನೆಯ ಓವನ್ 250ಕ್ಕೆ ನಿಲ್ಲುತ್ತದೆ. ಕಬ್ಬಿಣದ ದಪ್ಪ ರೊಟ್ಟಿ ಹೆಂಚು ದೊಡ್ಡ ಉರಿಯ ಮೇಲೆ ಅದನ್ನು ಮೀರಿಸಬಲ್ಲದು, ಆದರೆ ಶಾಖ ಕೆಳಗಿನಿಂದಷ್ಟೆ. ಆದ್ದರಿಂದ ಹಿಟ್ಟನ್ನು ಐದು ಉಂಡೆ ಮಾಡಿ, ಲಟ್ಟಿಸದೆ ಬೆರಳಿಂದ ನಡುವಿನಿಂದ ಹೊರಕ್ಕೆ ಒತ್ತಿ; ಲಟ್ಟಣಿಗೆ ಒಳಗಿನ ಗಾಳಿಯನ್ನೆಲ್ಲ ಹಿಂಡಿಬಿಡುತ್ತದೆ. ಹೆಂಚು ಕಾದು ಹೊಗೆಯಾಡುವಾಗ ಹಾಕಿ, ಕೆಳಗೆ ಚುಕ್ಕೆ ಬಿದ್ದ ಮೇಲೆ ಮಗುಚಿ, ಉರಿ ಇಳಿಸಿ, ಬೆಂದ ಮೈಗೆ ಸಾಸ್ ತೆಳ್ಳಗೆ ಸವರಿ. ಅದರ ಮೇಲೆ ಈರುಳ್ಳಿ, ಚೀಸ್. ಮುಚ್ಚಳ ಮುಚ್ಚಿ ನಾಲ್ಕು ನಿಮಿಷ. ಕಾಮಕಸ್ತೂರಿ ಕೆಳಗಿಳಿಸಿದ ಮೇಲೆಯೇ.

ಉಳಿದ ಉಂಡೆಗಳಿಗೆ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಮೂರು ದಿನ ಬಾಳುತ್ತವೆ, ಎರಡನೆಯ ದಿನದ್ದೇ ಎಲ್ಲಕ್ಕಿಂತ ರುಚಿ. ಆಮೇಲೆ ಹಿಟ್ಟು ಸಡಿಲಾಗಿ ಕೈಗೆ ಅಂಟತೊಡಗುತ್ತದೆ. ಅದನ್ನು ಪಿಜ್ಜಾ ಮಾಡಲು ಹೆಣಗದೆ ಚಿಕ್ಕ ಚಿಕ್ಕದಾಗಿ ತಟ್ಟಿ ಎಣ್ಣೆಯಲ್ಲಿ ಕರಿದು, ಶೇಂಗಾ ಚಟ್ನಿಪುಡಿ ಉದುರಿಸಿ ಮಕ್ಕಳ ಕೈಗೆ ಕೊಟ್ಟರಾಯಿತು.