ಊರಿನ ಕಡೆಗೆ ಮುಖ ಮಾಡಿದ ಬಾಗಿಲು

ಮುಂಬಯಿಯಲ್ಲಿ ಇರುವವರಿಗೆ ಒಂದು ಪ್ರಶ್ನೆ: ದಿನಾ ಚರ್ಚ್‌ಗೇಟ್‌ನಲ್ಲಿ ಇಳಿಯುತ್ತೀರಲ್ಲ, ಆ ಗೇಟು ಎಲ್ಲಿದೆ? ಕೋಟೆಯ ಆ ಬಾಗಿಲನ್ನು 1860ರ ದಶಕದಲ್ಲೇ ಕೆಡವಿಬಿಟ್ಟರು. ಹೆಸರು ಮಾತ್ರ ಲೋಕಲ್ ಟ್ರೈನಿನ ಪಾಲಿಗೆ ಉಳಿಯಿತು. ರೋಮ್ ನಗರದ 'ಪೋರ್ತಾ ಪಿಯಾ'ದ ಕಥೆ ಇದಕ್ಕೆ ತಿರುಗಾಮುರುಗಾ. ಅಲ್ಲಿ ಬಾಗಿಲು ಇನ್ನೂ ನಿಂತಿದೆ. ಒಡೆದದ್ದು ಪಕ್ಕದ ಗೋಡೆ.

ಪೋರ್ತಾ ಅಂದರೆ ಬಾಗಿಲು. ಪಿಯಾ ಅನ್ನುವುದು ಕಟ್ಟಿಸಿದ ಪೋಪ್ ನಾಲ್ಕನೇ ಪಿಯಸ್‌ನ ಹೆಸರಿನಿಂದ ಬಂದದ್ದು. 1561ರಲ್ಲಿ ಅವನು ಈ ಕೆಲಸ ಒಪ್ಪಿಸಿದ್ದು ಮೈಕೆಲೇಂಜಲೋಗೆ. ಆಗ ಆ ಅಜ್ಜನಿಗೆ 86 ವರ್ಷ! ಮೂರು ನಕ್ಷೆ ಬರೆದುಕೊಟ್ಟನಂತೆ, ಪೋಪ್ ಅದರಲ್ಲಿ ಕಡಿಮೆ ಖರ್ಚಿನದನ್ನು ಆರಿಸಿದನಂತೆ. ಹಾಗೆಂದು ಬರೆದಿಟ್ಟವನು ಅದೇ ಕಾಲದ ವಸಾರಿ. ಮನೆ ಕಟ್ಟಿಸಿದವರಿಗೆ ಪೋಪನ ಕಷ್ಟ ಅರ್ಥವಾದೀತು. ಕೆಲಸ ಮುಗಿಯುವ ಮೊದಲೇ, 1564ರಲ್ಲಿ, ಮೈಕೆಲೇಂಜಲೋ ತೀರಿಕೊಂಡ.

ಇದರ ವಿಶೇಷ ಏನು ಗೊತ್ತೇ? ಕೋಟೆ ಬಾಗಿಲು ಅಂದರೆ ಹೊರಗಿನಿಂದ ಬರುವವರಿಗೆ ಗತ್ತು ತೋರಿಸಬೇಕು. ಮೈಕೆಲೇಂಜಲೋ ಮಾತ್ರ ತನ್ನ ಕುಸುರಿಯನ್ನೆಲ್ಲ ಒಳಮುಖದ ಮೇಲೆ, ಊರಿನವರ ಕಣ್ಣಿಗೆ ಬೀಳುವಂತೆ ಮಾಡಿದ. ಪೋಪ್ ಹಾಕಿಸಿದ ನೇರವಾದ ಹೊಸ ರಸ್ತೆಯ ತುದಿಗೆ ನಾಟಕದ ಪರದೆಯ ಹಾಗೆ ಅದು ಕಾಣಬೇಕಿತ್ತು. ಹೊರಮುಖಕ್ಕೆ ಈಗಿನ ರೂಪ ಬಂದದ್ದು ಮುನ್ನೂರು ವರ್ಷ ಕಳೆದ ಮೇಲೆ, ವೆಸ್ಪಿನ್ಯಾನಿ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ. ಒಳಮುಖದಲ್ಲಿ ಬಟ್ಟಲಿಗೆ ಟವೆಲ್ ಇಳಿಬಿಟ್ಟಂಥ ಒಂದು ಕೆತ್ತನೆಯಿದೆ. ಪೋಪನ ಹಿರಿಯರು ಕ್ಷೌರಿಕರಾಗಿದ್ದರು, ಅದಕ್ಕೇ ಈ ಕುಚೋದ್ಯ ಎಂದು ರೋಮಿನ ಹರಟೆ. ಪುರಾವೆ ಇಲ್ಲದ ಕಥೆ, ಆದರೂ ಕೇಳಲು ಚೆಂದ.

ಬಾಗಿಲು ಹೊಸದಾದರೂ ಅದರ ಎರಡೂ ಕಡೆಯ ಗೋಡೆ ಮೂರನೇ ಶತಮಾನದ್ದು. ಭರ್ಜಿ ಬಾಣಗಳ ಕಾಲದ ಇಟ್ಟಿಗೆ ಗೋಡೆ. 1861ರಲ್ಲಿ ಇಟಲಿ ಒಂದು ರಾಜ್ಯವಾಯಿತು, ಆದರೆ ರೋಮ್ ಪೋಪನ ಕೈಯಲ್ಲೇ ಉಳಿಯಿತು, ಫ್ರೆಂಚ್ ಸೈನ್ಯದ ಕಾವಲಿನಲ್ಲಿ. 1870ರಲ್ಲಿ ಪ್ರಷ್ಯದ ಜೊತೆ ಯುದ್ಧ ಬಂದು ಫ್ರೆಂಚರು ವಾಪಸ್ ಹೋದರು. ಸೆಪ್ಟೆಂಬರ್ 20ರ ಬೆಳಗಿನ ಜಾವ ಇಟಲಿಯ ಫಿರಂಗಿಗಳು ಗುಡುಗಿದವು. ಕೆಲವೇ ಗಂಟೆಗಳಲ್ಲಿ ಬಾಗಿಲ ಪಕ್ಕದ ಗೋಡೆ ಬಿರುಕು ಬಿಟ್ಟು ಕುಸಿಯಿತು, ಸೈನಿಕರು ಆ ಕಂಡಿಯಲ್ಲಿ ನುಗ್ಗಿದರು. ಪೋಪರ ಸಾವಿರ ವರ್ಷದ ರಾಜ್ಯಭಾರ ಅಂದಿಗೆ ಮುಗಿಯಿತು. ಆಗಿನ ಪೋಪನೂ ಒಬ್ಬ ಪಿಯಸ್ಸೇ, ಒಂಬತ್ತನೆಯವನು! ಮರುವರ್ಷ ರೋಮ್ ರಾಜಧಾನಿಯಾಯಿತು.

ನಾಲ್ಕನೇ ಪಿಯಸ್ ಹಾಕಿಸಿದ ಆ ರಸ್ತೆಗೆ ಮೊದಲು ಅವನದೇ ಹೆಸರಿತ್ತು. ಈಗ ಅದರ ಹೆಸರು 'ವಿಯಾ ವೆಂತಿ ಸೆತ್ತೆಂಬ್ರೆ', ಅಂದರೆ ಸೆಪ್ಟೆಂಬರ್ ಇಪ್ಪತ್ತರ ರಸ್ತೆ.