ಟ್ರಿಸ್ಟನ್ ದ ಕುನ್ಹಾ: ದೂರದ್ವೀಪದ ಪ್ರತಿನಿಧಿ ಕಚೇರಿ

ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ನಡುವೆ, ಅಗ್ನಿಪರ್ವತವೊಂದರ ಶಿಖರವೇ ಜಲರಾಶಿಯಿಂದ ಮೇಲೆದ್ದಂತೆ, ಟ್ರಿಸ್ಟನ್ ದ ಕುನ್ಹಾ ಎಂಬ ಪುಟ್ಟ ದ್ವೀಪವಿದೆ. ವಿಸ್ತಾರ ಸುಮಾರು 100 ಚದರ ಕಿಲೋಮೀಟರು. ಜನಸಂಖ್ಯೆ 250ನ್ನೂ ಮುಟ್ಟದು. ವಿಮಾನನಿಲ್ದಾಣವಿಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಸುಮಾರು 2,800 ಕಿಲೋಮೀಟರುಗಳನ್ನು ಹಡಗಿನಲ್ಲಿ ಒಂದು ವಾರ, ಕಡಲು ಮುನಿದರೆ ಇನ್ನೂ ಹೆಚ್ಚು ದಿನ, ಕ್ರಮಿಸಿ ಇಲ್ಲಿಗೆ ತಲುಪಬೇಕು. ಬ್ರಿಟನ್ ಇದನ್ನು 1816ರಲ್ಲಿ ವಶಪಡಿಸಿಕೊಂಡಿತು. ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನನ್ನು ಬಿಡಿಸಲು ಯಾರಾದರೂ ಇದನ್ನು ನೆಲೆಯಾಗಿಸಿಕೊಂಡಾರೆಂಬ ಶಂಕೆಯೂ ಅದಕ್ಕೊಂದು ಕಾರಣ.

ಇಂದಿಗೂ ಇದರ ಗವರ್ನರರು ಇರುವುದು 2,400 ಕಿಲೋಮೀಟರುಗಳಾಚೆಯ ಆ ಸೇಂಟ್ ಹೆಲೆನಾದಲ್ಲಿಯೇ. ಅವರ ಪ್ರತಿನಿಧಿಯಾಗಿ ಆಡಳಿತಾಧಿಕಾರಿಯೊಬ್ಬರು ಈ ದ್ವೀಪದಲ್ಲಿ ನೆಲೆಸುತ್ತಾರೆ. ಬೊಕ್ಕಸ, ಶಾಲೆ, ಆಸ್ಪತ್ರೆ, ಹಡಗುಗಳ ಏರ್ಪಾಡು, ಮ್ಯಾಜಿಸ್ಟ್ರೇಟರ ಕರ್ತವ್ಯ ಎಲ್ಲವೂ ಇವರ ಹೊಣೆ. ಹಿಂದಿನ ಕಾಲದ ಅಮಲ್ದಾರರ ಅಧಿಕಾರವೂ ಊರ ಪಟೇಲರ ಸಾಮೀಪ್ಯವೂ ಒಬ್ಬರಲ್ಲಿಯೇ ಕೂಡಿದರೆ ಹೇಗೋ ಹಾಗೆ. ಬೆಳಿಗ್ಗೆ ಆಜ್ಞೆ ಹೊರಡಿಸಿದವರು ಸಂಜೆ ಅದೇ ಜನರ ನಡುವೆ ನಡೆದಾಡಬೇಕಲ್ಲವೆ! ಜನರಿಂದ ಚುನಾಯಿತರಾದ ಎಂಟು ಮಂದಿಯೂ ನೇಮಕಗೊಂಡ ಮೂವರೂ ಇರುವ ದ್ವೀಪಸಭೆ ಇವರಿಗೆ ಸಲಹೆ ನೀಡುತ್ತದೆ. ಚುನಾಯಿತರಲ್ಲಿ ಒಬ್ಬರಾದರೂ ಮಹಿಳೆಯಿರಬೇಕು. ಅಧಿಕಾರಿ ಹೊರಗೆ ಹೋದಾಗ ದ್ವೀಪದ ಮುಖ್ಯಸ್ಥನೇ ಅವರ ಸ್ಥಾನದಲ್ಲಿ ನಿಲ್ಲುತ್ತಾನೆ.

ಈ ಕಚೇರಿಯ ಬೆಲೆ ತಿಳಿದುಬಂದದ್ದು 1961ರಲ್ಲಿ. ಆ ವರ್ಷ ಭೂಕಂಪನಗಳ ಬೆನ್ನಿಗೆ, ಅಕ್ಟೋಬರ್ ತಿಂಗಳಲ್ಲಿ, ಊರ ಮಗ್ಗುಲಿನಲ್ಲಿಯೇ ನೆಲ ಬಿರಿದು ಲಾವಾ ಉಕ್ಕಿತು. ಅಂದಿನ ಆಡಳಿತಾಧಿಕಾರಿ ಪೀಟರ್ ವ್ಹೀಲರ್ ಅವರ ಹೊಣೆಯಲ್ಲಿ ಇನ್ನೂರರವತ್ತಕ್ಕೂ ಮಿಕ್ಕ ಜನ, ಹಸುಗೂಸುಗಳೂ ವೃದ್ಧರೂ ಸೇರಿ, ಮೀನುಗಾರಿಕೆಯ ಹಡಗುಗಳನ್ನೇರಿ ಸಮೀಪದ ನೈಟಿಂಗೇಲ್ ದ್ವೀಪಕ್ಕೆ ಸಾಗಿದರು. ಅಲ್ಲಿಂದ ಡಚ್ ಹಡಗೊಂದು ಅವರನ್ನು ಕೇಪ್‌ಟೌನಿಗೆ ಒಯ್ದಿತು, ಅಲ್ಲಿಂದ ಇಂಗ್ಲೆಂಡಿಗೆ. ಲಾವಾ ದೋಣಿಗಳಿಳಿಯುವ ತೀರವನ್ನೂ ಕಡಲಸೀಗಡಿಯ ಕಾರ್ಖಾನೆಯನ್ನೂ ನುಂಗಿತು, ಜೀವಹಾನಿಯಾಗಲಿಲ್ಲ.

ಜೀವವುಳಿಸಿದ ಸರ್ಕಾರವೇ ಅನಂತರ ಅವರನ್ನು ಮರಳಿ ಕಳುಹಿಸಲು ಹಿಂಜರಿಯಿತೆಂಬುದು ವಿಚಾರಾರ್ಹ. ಇಂಗ್ಲೆಂಡಿನ ಕಾಲ್ಷಾಟಿನಲ್ಲಿ ಅವರಿಗೆ ವಸತಿಯೂ ಉದ್ಯೋಗವೂ ದೊರೆತವು. ಆದರೆ ಚಳಿಗಾಲದ ಶ್ವಾಸರೋಗಗಳಿಗೆ ಕೆಲವು ಹಿರಿಯರು ಬಲಿಯಾದರು. ದ್ವೀಪವಾಸಯೋಗ್ಯವಲ್ಲವೆಂಬ ಭಾವನೆ ಅಧಿಕಾರಿಗಳಲ್ಲಿತ್ತು. ಆದರೆ 1962ರಲ್ಲಿ ದ್ವೀಪಕ್ಕೆ ಹೋದ ವಿಜ್ಞಾನಿಗಳು ಮನೆಗಳು ಬಹುಮಟ್ಟಿಗೆ ಸುರಕ್ಷಿತವಾಗಿರುವುದನ್ನು ಕಂಡರು. ಕೊನೆಗೆ ಡಿಸೆಂಬರಿನಲ್ಲಿ ಮತ ಕೇಳಲಾಗಿ, ಮರಳಬೇಕೆಂದವರು 148, ಬೇಡವೆಂದವರು ಐವರು ಮಾತ್ರ! ಪ್ರತಿನಿಧಿಯ ಕಚೇರಿ ದೊರೆಯ ಮಾತನ್ನು ಜನರಿಗೆ ಮುಟ್ಟಿಸಿದರೆ ಸಾಲದು, ಜನರ ಮಾತನ್ನೂ ಅಷ್ಟೇ ನಿಷ್ಠೆಯಿಂದ ದೊರೆಗೆ ಮುಟ್ಟಿಸಬೇಕು. ಇಲ್ಲಿ ಎರಡನೆಯ ಕಾರ್ಯವನ್ನು ಜನರೇ ಮತಪತ್ರದಿಂದ ಮಾಡಬೇಕಾಯಿತು.

1963ರ ನವೆಂಬರಿನಲ್ಲಿ ಬಹುಪಾಲು ಜನ ತಮ್ಮ ನೆಲಕ್ಕೆ ಮರಳಿದರು. ಆಡಳಿತಾಧಿಕಾರಿಯ ಕಚೇರಿಯೂ ಮತ್ತೆ ತೆರೆಯಿತು. ಹಳೆಯ ತೀರ ಲಾವಾದಡಿ ಹೂತುಹೋಗಿತ್ತಾದ್ದರಿಂದ ಹೊಸದೊಂದು ಪುಟ್ಟ ಬಂದರನ್ನು ಕಟ್ಟಲಾಯಿತು. ಅದಕ್ಕೆ ಇಟ್ಟ ಹೆಸರು, ಪರದೇಶದಲ್ಲಿ ಅವರು ಎರಡು ಚಳಿಗಾಲಗಳನ್ನು ಕಳೆದ ಆ ಊರಿನದೇ: ಕಾಲ್ಷಾಟ್.